ಎಣಿಸಿ ತಟ್ಟಿದ ಕೈ

ಮಂಗಳವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮಠದ ಕಾಲೇಜಿಗೆ ಘೋರ ಅನ್ಯಾಯವಾಯಿತು. ಅಂತರ ಕಾಲೇಜು ಫುಟ್‌ಬಾಲ್ ಪಂದ್ಯದ ಎಂಬತ್ತೊಂದನೆಯ ನಿಮಿಷದಲ್ಲಿ, ಮಠದ ತಂಡದ ನಾಯಕ ಗುರುಮಲ್ಲನ ಕೈಗೆ ಚೆಂಡು ತಗುಲಿತೆಂದು ರೆಫರಿ ಸೀಟಿ ಊದಿದ. ಪಟ್ಟಣದ ಕಾಲೇಜಿಗೆ ಪೆನಾಲ್ಟಿ ಸಿಕ್ಕಿತು. ಒಂದು ಗೋಲು ಆಯಿತು. ಬೇರೆ ಗೋಲು ಆಗಲಿಲ್ಲ.

ಬುಧವಾರ ವಿದ್ಯಾರ್ಥಿನಿಲಯದಲ್ಲಿ ಬೆಳಗಿನ ಉಪ್ಪಿಟ್ಟನ್ನು ಯಾರೂ ಮುಟ್ಟಲಿಲ್ಲ. ಮಧ್ಯಾಹ್ನ ಅಡುಗೆಯವರೂ ಒಲೆ ಹಚ್ಚದೆ ಸಂತಾಪ ಸೂಚಿಸಿದರು, ಉಪ್ಪಿಟ್ಟು ಉಳಿದಿತ್ತು. ಗುರುವಾರ ಎರಡು ತರಗತಿಗಳು ನಡೆಯಲಿಲ್ಲ. ಶುಕ್ರವಾರ ಗುರುಮಲ್ಲ ನಾಲ್ಕು ಪುಟದ ಮನವಿಯನ್ನು ಹಿಡಿದು ಸ್ವಾಮಿಗಳ ಮುಂದೆ ಬಂದು ನಮಸ್ಕರಿಸಿ ಕುಳಿತ.

ಮನವಿಯ ಕೊನೆಯಲ್ಲಿ ಸ್ವಾಮಿಗಳ ಸಹಿಗೆ ಜಾಗ ಬಿಟ್ಟಿತ್ತು. ಆ ಸಹಿಗೆ ವಿಶ್ವವಿದ್ಯಾಲಯದಲ್ಲಿ ಬೆಲೆಯಿತ್ತು. ರೆಫರಿ ಬೇರೊಂದು ಕಾಲೇಜಿನ ದೈಹಿಕ ಶಿಕ್ಷಕ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಹಿ ಬಿದ್ದರೆ ಅವನು ಮೈದಾನಕ್ಕೆ ಮತ್ತೆ ಕಾಲಿಡುವಂತಿರಲಿಲ್ಲ. ಬಹುಶಃ ಶಾಲೆ ಕಾಲೇಜಿನ ಮೆಟ್ಟಿಲಿಗೂ.

ಮನವಿಯಲ್ಲಿ ಲೆಕ್ಕವಿತ್ತು. ಮಠದ ಕಾಲೇಜಿನ ಮೇಲೆ ಹದಿನಾಲ್ಕು ಫೌಲ್, ಪಟ್ಟಣದ ಕಾಲೇಜಿನ ಮೇಲೆ ಐದು. ಹಳದಿ ಕಾರ್ಡ್ ಇವರಿಗೆ ಮೂರು, ಅವರಿಗೆ ಒಂದೂ ಇಲ್ಲ. ಇವರು ಅಂಗಿ ಹಿಡಿದು ಎಳೆದರೆ ಸೀಟಿ, ಅವರು ಎಳೆದರೆ ಮೌನ. ರೆಫರಿಯ ಷಡ್ಡಕ ಪಟ್ಟಣದ ಕಾಲೇಜಿನ ಎದುರಿನ ಬೀದಿಯಲ್ಲಿ ಮನೆ ಮಾಡಿಕೊಂಡಿದ್ದಾನೆಂಬುದನ್ನೂ ಪತ್ತೆ ಮಾಡಿ ಬರೆದಿತ್ತು. ಎಂಬತ್ತೊಂದನೆಯ ನಿಮಿಷದ ಬಗ್ಗೆ ಮಾತ್ರ ‘ವಿವಾದಾತ್ಮಕ’ ಎಂಬ ಒಂದೇ ಪದವಿತ್ತು.

ಗುರುಮಲ್ಲ ಕೇಳಿದ: “ಬುದ್ಧಿ, ಒಂದೇ ತಪ್ಪಿಗೆ ಒಬ್ಬನಿಗೆ ದಂಡ, ಇನ್ನೊಬ್ಬನಿಗೆ ಕ್ಷಮೆ. ಇಂಥವನನ್ನು ಮೈದಾನದಲ್ಲಿ ಉಳಿಸಿಕೊಳ್ಳುವುದು ಧರ್ಮವೆ?”

ಸ್ವಾಮಿಗಳು ಮನವಿಯನ್ನು ಪೂರ್ತಿ ಓದಿದರು. ಮಡಿಸಿ ಕನ್ನಡಕದ ಡಬ್ಬಿಯ ಕೆಳಗೆ ಇಟ್ಟರು. ಪೆನ್ನು ತೆಗೆದುಕೊಳ್ಳಲಿಲ್ಲ. ಒಂದು ಕತೆ ಹೇಳಿದರು.

ಮೇಲೂರು, ಕೆಳಗೂರು ಎಂದು ಎರಡು ಊರುಗಳಿದ್ದವು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಎರಡೂ ಊರಿನ ಗಡಿಯಲ್ಲಿ ಕುಸ್ತಿ ನಡೆಯುತ್ತಿತ್ತು. ತೀರ್ಪು ಹೇಳುವವನು ಮೂರನೆಯ ಊರಿನವನಾಗಿರಬೇಕು. ಅವನಿಗೆ ಈ ಎರಡು ಊರಿನಲ್ಲಿ ನೆಂಟರಿರಬಾರದು, ಹೊಲವಿರಬಾರದು. ಕುಸ್ತಿಯ ದಿನ ಎರಡೂ ಊರಿನ ನೀರನ್ನು ಅವನು ಕುಡಿಯಬಾರದು. ಅಂಥ ಒಬ್ಬ ತೀರ್ಪುಗಾರ ಇಪ್ಪತ್ತು ವರ್ಷದಿಂದ ಬರುತ್ತಿದ್ದ. ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ನೀರನ್ನು ಸೋರೆಬುರುಡೆಯಲ್ಲಿ ತುಂಬಿಕೊಂಡು, ಒಂಟೆತ್ತಿನ ಗಾಡಿಯಲ್ಲಿ ಬಂದು ಹೋಗುತ್ತಿದ್ದ.

ಆ ಕುಸ್ತಿಯಲ್ಲಿ ಒಂದು ಕಟ್ಟಳೆಯಿತ್ತು. ಎದುರಾಳಿಯ ಕುತ್ತಿಗೆಗೆ ತೋಳು ಸುತ್ತಿ ಹಿಂಡಬಾರದು. ಹಾಗೆ ಹಿಡಿದವನ ಬೆನ್ನಿಗೆ ತೀರ್ಪುಗಾರ ಅಂಗೈಯಿಂದ ತಟ್ಟುತ್ತಾನೆ. ತಟ್ಟಿದ ಕೂಡಲೇ ಹಿಡಿತ ಬಿಡಬೇಕು, ಬಿಟ್ಟವನು ಸೋತಂತೆ. ತಟ್ಟುವ ತನಕ ಯಾರೂ ತಾವಾಗಿ ಬಿಡುವವರಲ್ಲ. ಸಿಕ್ಕಿಬಿದ್ದವನೂ ಮಿಸುಕುವಂತಿಲ್ಲ, ಮಿಸುಕಿದರೆ ಕುತ್ತಿಗೆ ತಿರುಚುತ್ತದೆ. ಆದ್ದರಿಂದ ಎರಡೂ ಊರಿನ ಉಸ್ತಾದರು ಗರಡಿಗೆ ಸೇರಿದ ಮೊದಲ ದಿನವೇ ಒಂದು ಪಾಠ ಹೇಳಿಕೊಡುತ್ತಿದ್ದರು: ಸಿಕ್ಕಿಬಿದ್ದರೆ ಅಲ್ಲಾಡಬೇಡ, ಕೈ ಬರುತ್ತದೆ.

ಇಪ್ಪತ್ತು ವರ್ಷ ಕೈ ಬಂತು.

ಸಂಜೆ ಕುಸ್ತಿ ಮುಗಿದ ಮೇಲೆ ತೀರ್ಪುಗಾರನಿಗೆ ಒಂದು ರುಮಾಲು ಕಟ್ಟುವುದು ಪದ್ಧತಿ. ಒಂದು ತುದಿಯನ್ನು ಮೇಲೂರಿನ ಯಜಮಾನ ಹಿಡಿಯಬೇಕು, ಇನ್ನೊಂದನ್ನು ಕೆಳಗೂರಿನ ಯಜಮಾನ. ಇಬ್ಬರೂ ಸೇರಿ ಸುತ್ತಿದರೆ ಮಾತ್ರ ಅದು ತಲೆಯ ಮೇಲೆ ಸರಿಯಾಗಿ ಕೂರುತ್ತಿತ್ತು. ತೀರ್ಪುಗಾರನ ಮನೆಯ ಗೂಟದಲ್ಲಿ ಅಂಥ ಇಪ್ಪತ್ತು ರುಮಾಲುಗಳಿದ್ದವು.

ಇಪ್ಪತ್ತೊಂದನೆಯ ವರ್ಷ ಮೇಲೂರಿನ ಗರಡಿಗೆ ಹೊಸ ಉಸ್ತಾದ ಬಂದಿದ್ದ. ಅವನು ಒಂದು ಹೊಸ ಪಟ್ಟು ಕಲಿಸಿದ್ದ. ತೋಳು ಎದುರಾಳಿಯ ಭುಜದ ಮೇಲಿಂದ ಹೋಗಬೇಕು. ಆದರೆ ಬೆವರಿಗೆ ಜಾರಿ ಕುತ್ತಿಗೆಗೆ ಬರುತ್ತಿತ್ತು. ಬಂದ ಮೇಲೆ ಅಲ್ಲೇ ಉಳಿಯುತ್ತಿತ್ತು. ಆ ವರ್ಷ ತೀರ್ಪುಗಾರ ಮೂರು ಸಲ ತಟ್ಟಿದ. ಮೂರು ಸಲವೂ ಮೇಲೂರಿನವರ ಬೆನ್ನಿಗೆ. ಮೂರೂ ಸರಿಯಾಗಿದ್ದವು.

ಅಖಾಡದ ಪಕ್ಕ ಕಡ್ಲೆಪುರಿ ಮಾರುವ ಮುದುಕಿಯೊಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದಳು: “ಅಲ್ಲ ಕಣಪ್ಪ, ನಿನ್ನ ಕೈಗೆ ಮೇಲೂರಿನ ಬೆನ್ನಿನ ದಾರಿ ಒಂದೇ ಗೊತ್ತೋ?”

ಜನ ನಕ್ಕರು. ಮೇಲೂರಿನ ಯಜಮಾನ ನಗಲಿಲ್ಲ. ಅವನು ತೀರ್ಪುಗಾರನ ಹತ್ತಿರ ಬಂದು, “ಮೂರಕ್ಕೆ ಮೂರೂ ನಮ್ಮ ಹುಡುಗರಿಗೇ ಬಿತ್ತು. ಕೆಳಗೂರಿನವರಿಗೆ ಬೆನ್ನೇ ಇಲ್ಲವೇನಪ್ಪ?” ಎಂದ.

“ಕುತ್ತಿಗೆ ಹಿಡಿದವರ ಬೆನ್ನಿಗೆ ತಟ್ಟಿದೆ, ಯಜಮಾನರೆ.”

“ನಾನು ಕುತ್ತಿಗೆಯ ವಿಚಾರ ಕೇಳಲಿಲ್ಲ. ಲೆಕ್ಕ ಕೇಳಿದೆ.”

ಆ ಸಂಜೆ ಮೇಲೂರಿನ ಯಜಮಾನ ರುಮಾಲಿನ ತುದಿ ಹಿಡಿಯಲು ಬರಲಿಲ್ಲ. ಒಂದೇ ಕಡೆಯಿಂದ ಸುತ್ತಿದ ರುಮಾಲು ವಾಲಿಕೊಂಡಿತು. ತೀರ್ಪುಗಾರ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹೊಡೆದ. ದಾರಿಯಲ್ಲಿ ಎದುರಾದವರೆಲ್ಲ ಮೊದಲು ರುಮಾಲನ್ನು ನೋಡಿದರು, ಆಮೇಲೆ ಅವನನ್ನು.

ಮೇಲೂರಿನವರು ಸುಮ್ಮನೆ ಕೂರಲಿಲ್ಲ. ವಿಚಾರಣೆ ನಡೆಸಿದರು. ತೀರ್ಪುಗಾರನಿಗೆ ಕೆಳಗೂರಿನಲ್ಲಿ ನೆಂಟರು ಸಿಗಲಿಲ್ಲ. ಹೊಲ ಸಿಗಲಿಲ್ಲ. ಅವನು ಅಲ್ಲಿನ ನೀರು ಕುಡಿದದ್ದನ್ನು ಕಂಡವರೂ ಸಿಗಲಿಲ್ಲ. ಆದರೆ ಅವನ ಎತ್ತು ಕೆಳಗೂರಿನ ಕೆರೆಯಲ್ಲಿ ಕುಡಿದಿತ್ತು. ಅದಕ್ಕೆ ಇಬ್ಬರು ಸಾಕ್ಷಿಗಳಿದ್ದರು. ವಿಚಾರಣೆ ಅಲ್ಲಿಗೆ ಮುಗಿಯಿತು.

ಮರುವರ್ಷ ತೀರ್ಪುಗಾರ ಎತ್ತನ್ನು ಮನೆಯಲ್ಲಿ ಬಿಟ್ಟು ನಡೆದುಕೊಂಡೇ ಬಂದ. ಹನ್ನೆರಡು ಮೈಲಿ. ಮೊದಲ ಜೋಡಿಯಲ್ಲೇ ಕೆಳಗೂರಿನವನ ಕೈ ಎದುರಾಳಿಯ ಕುತ್ತಿಗೆಯನ್ನು ಸವರಿತು. ನಿಲ್ಲಲಿಲ್ಲ, ಹಾದುಹೋಯಿತು. ಹಿಂದಿನ ವರ್ಷವಾಗಿದ್ದರೆ ಅವನು ತಟ್ಟುತ್ತಿರಲಿಲ್ಲ. ತಟ್ಟಿದ. ಮೇಲೂರಿನ ಕಡೆಯಿಂದ ಒಬ್ಬ, “ಎತ್ತನ್ನು ಬಿಟ್ಟು ಬಂದ ಮೇಲೆ ಕಣ್ಣು ಕಾಣ್ತಿದೆ” ಎಂದ. ಕೆಳಗೂರಿನ ಕಡೆ ಗೊಣಗಾಟ ಶುರುವಾಯಿತು. ಮೂರನೆಯ ಜೋಡಿಯಲ್ಲಿ ಅವನು ಮೇಲೂರಿನವನಿಗೆ ತಟ್ಟಿದ. ಗೊಣಗಾಟ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂದು ವರ್ಷದಲ್ಲಿ ತಿಳಿಯದಿದ್ದ ಒಂದು ಸಂಗತಿ ಅವನಿಗೆ ತಿಳಿಯಿತು. ತಪ್ಪು ನೋಡಿ ತಟ್ಟಿದರೆ ಯಾವುದಾದರೂ ಒಂದು ಊರು ಬೈಯುತ್ತದೆ. ಸರದಿ ನೋಡಿ ತಟ್ಟಿದರೆ ಯಾರೂ ಬೈಯುವುದಿಲ್ಲ.

ಆ ವರ್ಷ ಮೇಲೂರಿಗೆ ಮೂರು, ಕೆಳಗೂರಿಗೆ ಮೂರು. ಇಬ್ಬರು ಯಜಮಾನರೂ ಬಂದು ತುದಿ ಹಿಡಿದರು. ರುಮಾಲು ನೆಟ್ಟಗೆ ಕೂತಿತು. ತೀರ್ಪುಗಾರ ಹನ್ನೆರಡು ಮೈಲಿಯನ್ನು ತಲೆಯೆತ್ತಿ ನಡೆದ.

ಅದರ ಮುಂದಿನ ವರ್ಷದ ಹೊತ್ತಿಗೆ ಪೈಲ್ವಾನರಿಗೂ ಇದು ಅರ್ಥವಾಗಿತ್ತು. ಅವರು ಮೂರ್ಖರಲ್ಲ. ತಮ್ಮ ಊರಿಗೆ ಹಿಂದಿನ ಜೋಡಿಯಲ್ಲಿ ತಟ್ಟು ಬಿದ್ದಿದ್ದರೆ ಈ ಜೋಡಿಯಲ್ಲಿ ಸ್ವಲ್ಪ ಬಿಗಿಯಾಗಿ ಹಿಡಿಯಬಹುದು ಎಂದು ಲೆಕ್ಕ ಹಾಕಿದರು. ತೀರ್ಪುಗಾರನ ಕಣ್ಣು ಮೊದಲಿನ ಹಾಗೇ ಎಲ್ಲವನ್ನೂ ಕಾಣುತ್ತಿತ್ತು. ಕೈಯೂ ಮೊದಲಿನ ಹಾಗೇ ಏಳುತ್ತಿತ್ತು. ಕಣ್ಣಿಗೂ ಕೈಗೂ ನಡುವೆ ಒಂದು ಎಣಿಕೆ ಬಂದು ಕೂತಿತ್ತು, ಅಷ್ಟೆ.

ಕೊನೆಗೆ ಮೂರು ಜೋಡಿ ಉಳಿದವು. ಅಷ್ಟರಲ್ಲಿ ಮೇಲೂರಿಗೆ ಎರಡು ಸಲ, ಕೆಳಗೂರಿಗೆ ಒಂದು ಸಲ ತಟ್ಟಿಯಾಗಿತ್ತು. ಕೆಳಗೂರಿನಿಂದ ಒಬ್ಬ ಗಾಡಿಯವನ ಮಗ ಇಳಿದ. ಹತ್ತೊಂಬತ್ತು ವರ್ಷ, ಮೊದಲ ಕುಸ್ತಿ. ಮೇಲೂರಿನವನು ಅವನಿಗಿಂತ ದಪ್ಪ. ಸ್ವಲ್ಪ ಹೊತ್ತು ಇಬ್ಬರೂ ಸಮನಾಗಿ ಆಡಿದರು. ಆಮೇಲೆ ಮೇಲೂರಿನವನ ತೋಳು ಭುಜದ ಮೇಲಿಂದ ಹೋಯಿತು, ಜಾರಿತು, ಹುಡುಗನ ಕುತ್ತಿಗೆಗೆ ಸುತ್ತಿಕೊಂಡಿತು.

ತೀರ್ಪುಗಾರ ಅದನ್ನು ಕಂಡ. ಕೈ ಎದ್ದಿತು.

ಮೇಲೂರಿಗೆ ಆಗಲೇ ಎರಡಾಗಿದೆ. ಇದನ್ನು ತಟ್ಟಿದರೆ ಮೂರು. ಕೆಳಗೂರಿಗೆ ಒಂದೇ. ಇನ್ನು ಎರಡು ಜೋಡಿಯಲ್ಲಿ ಎರಡು ತಪ್ಪನ್ನು ಎಲ್ಲಿಂದ ತರಲಿ?

ಕೈ ಗಾಳಿಯಲ್ಲಿ ನಿಂತಿತು.

ಹುಡುಗ ಅಲ್ಲಾಡಲಿಲ್ಲ. ಮೊದಲ ದಿನದ ಪಾಠವನ್ನು ಅವನು ಚೆನ್ನಾಗಿ ಕಲಿತಿದ್ದ. ಅವನ ಕಣ್ಣು ಎತ್ತಿದ ಕೈಯ ಮೇಲಿತ್ತು. ಹಿಡಿದವನೂ ಓರೆಗಣ್ಣಿನಿಂದ ಅದೇ ಕೈಯನ್ನು ನೋಡುತ್ತಿದ್ದ. ಕೈ ಬಂದರೆ ಬಿಡಬೇಕು ಎಂದು ಅವನೂ ಕಾಯುತ್ತಿದ್ದ. ಬರಲಿಲ್ಲ, ಹಾಗಾದರೆ ಇನ್ನೂ ಹಿಂಡಬಹುದು ಎಂದುಕೊಂಡ. ನಾಲ್ಕು ಎಣಿಸುವಷ್ಟು ಹೊತ್ತು ಹೀಗೆ ಇತ್ತು. ಆಮೇಲೆ ಒಣಗಿದ ಜೋಳದ ದಂಟು ಮುರಿದಂಥ ಸದ್ದು ಕೇಳಿಸಿತು.

ಕೈ ಬಂತು. ಮೇಲೂರಿನವನು ಕೂಡಲೇ ಬಿಟ್ಟ. ಅವನು ಕಟ್ಟಳೆ ಮೀರಲಿಲ್ಲ.

ಹುಡುಗನನ್ನು ಅವನ ಅಪ್ಪನ ಗಾಡಿಯಲ್ಲೇ ಮಲಗಿಸಿ ಸಾಗಿಸಿದರು. ಕೊನೆಯ ತಟ್ಟನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂದು ಎರಡೂ ಊರಿನ ಹಿರಿಯರು ಕೂತು ಚರ್ಚಿಸಿದರು. ಆಟ ಮುಗಿದ ಮೇಲೆ ಬಿದ್ದದ್ದು ಎಂದು ಬಿಟ್ಟರು. ಉಳಿದ ಎರಡು ಜೋಡಿ ನಡೆದವು. ಅದರಲ್ಲಿ ಕೆಳಗೂರಿಗೆ ಒಂದು ತಟ್ಟು ಬಿತ್ತು. ಎರಡು, ಎರಡು. ಸಂಜೆ ಇಬ್ಬರು ಯಜಮಾನರೂ ರುಮಾಲಿನ ತುದಿ ಹಿಡಿದು ಬಿಗಿಯಾಗಿ ಸುತ್ತಿದರು. ಆ ದಿನದ ತೀರ್ಪಿನ ಬಗ್ಗೆ ಯಾರದೂ ದೂರಿರಲಿಲ್ಲ.

ಹುಡುಗ ಸಾಯಲಿಲ್ಲ. ಮೊದಲು ಅದನ್ನು ಒಳ್ಳೆಯ ಸುದ್ದಿ ಎಂದು ಹೇಳಿದರು. ಕುತ್ತಿಗೆಯಿಂದ ಕೆಳಗೆ ಅವನ ಮೈ ಆಡುತ್ತಿರಲಿಲ್ಲ. ಹಗ್ಗದ ಮಂಚದ ಮೇಲೆ ಹನ್ನೊಂದು ವರ್ಷ ಬದುಕಿದ. ಮಾತು ಚೆನ್ನಾಗಿತ್ತು. ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: “ನಾನು ಅಲ್ಲಾಡಲಿಲ್ಲ.”

ಕುಸ್ತಿ ಕಳೆದ ಮೂರನೆಯ ದಿನ ಗಾಡಿಯವನು ತೀರ್ಪುಗಾರನ ಮನೆಗೆ ಬಂದ. ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು, “ಅಣ್ಣ, ನಿನಗೆ ಕಾಣಲಿಲ್ಲ ಅಂತ ಒಂದು ಮಾತು ಹೇಳಿಬಿಡು. ಮನುಷ್ಯರ ಕಣ್ಣು, ತಪ್ಪುತ್ತದೆ. ನಾನು ಗಾಡಿ ತಿರುಗಿಸಿಕೊಂಡು ಹೋಗುತ್ತೇನೆ” ಎಂದ.

ಅಷ್ಟು ಹೇಳಿದ್ದರೆ ಸಾಕಿತ್ತು. ತೀರ್ಪುಗಾರ ಗೂಟದ ಮೇಲಿನ ರುಮಾಲುಗಳ ಕಡೆ ನೋಡಿದ. ಇಷ್ಟು ವರ್ಷದಲ್ಲಿ ಅವನು ಕಂಡದ್ದನ್ನು ಕಾಣಲಿಲ್ಲ ಎಂದವನಲ್ಲ.

“ಕಂಡಿತ್ತು” ಎಂದ.

“ಮತ್ತೆ?”

“ಮೇಲೂರಿಗೆ ಆಗಲೇ ಎರಡಾಗಿತ್ತು.”

ಗಾಡಿಯವನಿಗೆ ಆ ಮಾತು ಅರ್ಥವಾಗಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದ.

ತೀರ್ಪುಗಾರ ಮತ್ತೆ ಅಖಾಡಕ್ಕೆ ಇಳಿಯಲಿಲ್ಲ. ಎರಡೂ ಊರಿನವರು ಮೂರು ವರ್ಷ ಒಟ್ಟಿಗೆ ಬಂದು ವೀಳ್ಯ ಇಟ್ಟು ಕರೆದರು. ಅಷ್ಟು ನಿಷ್ಪಕ್ಷಪಾತಿಯಾದ ಇನ್ನೊಬ್ಬ ತಮಗೆ ಸಿಗಲಿಲ್ಲವೆಂದು ಈಗಲೂ ಒಮ್ಮತದಿಂದ ಹೇಳುತ್ತಾರೆ.

ಸ್ವಾಮಿಗಳು ಕತೆ ನಿಲ್ಲಿಸಿದರು.

ಗುರುಮಲ್ಲನ ಮನಸ್ಸು ಕಲಕಿತ್ತು. ಆದರೂ ಅವನು ಬಂದ ಕೆಲಸವನ್ನು ಮರೆಯುವವನಲ್ಲ. “ನಿಜ, ಬುದ್ಧಿ. ಕಂಡದ್ದನ್ನು ಬಿಟ್ಟು ಎಣಿಸಲು ಹೋದ, ಅದೇ ಅವನ ತಪ್ಪು. ನಮ್ಮ ರೆಫರಿಯೂ ಅಂಥವನೇ. ಅಪ್ಪಣೆಯಾದರೆ ಈ ದೃಷ್ಟಾಂತವನ್ನೂ ಮನವಿಯಲ್ಲಿ ಸೇರಿಸುತ್ತೇನೆ” ಎಂದ.

ಸ್ವಾಮಿಗಳು ಕನ್ನಡಕದ ಡಬ್ಬಿಯ ಕೆಳಗಿನಿಂದ ಮನವಿಯನ್ನು ತೆಗೆದು ಅವನ ಮುಂದೆ ಇಟ್ಟರು.

“ಚೆಂಡು ನಿನ್ನ ಕೈಗೆ ತಗುಲಿತ್ತೇನಪ್ಪ?”

ಗುರುಮಲ್ಲ ಮನವಿಯನ್ನು ಎತ್ತಿಕೊಂಡು ನಮಸ್ಕರಿಸಿ ಎದ್ದ. ಮನವಿಗೆ ಸಹಿ ಬೀಳಲಿಲ್ಲ. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಪಂದ್ಯದ ಫಲಿತಾಂಶ ಒಂದು–ಸೊನ್ನೆ ಎಂದಿದೆ.