ಬಿಸಿಯಾದಷ್ಟೂ ಏರಿದ ಅಂಕಿ

"ಮೇಷ್ಟ್ರೇ, ಯಂತ್ರ ತೋರಿಸುವ ಅಂಕಿ ಸುಳ್ಳು ಎಂದು ನಮ್ಮ ಮಾಲೀಕರಿಗೆ ಹೇಳಿದೆ. ಅವರು ಕೇಳಲಿಲ್ಲ. ಅಲ್ಲಿಗೆ ನನ್ನ ಜವಾಬ್ದಾರಿ ಮುಗಿಯಿತಲ್ಲವೇ?" ಎಂದು ದಯಾಕರ ಕೇಳಿದ.

ಅವನು ಕಾರುಗಳ ಶಕ್ತಿ ಹೆಚ್ಚಿಸಿಕೊಡುವ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಮೇಷ್ಟ್ರು ಪಾಲಿಟೆಕ್ನಿಕ್‌ನಲ್ಲಿ ಅವನಿಗೆ ಎಂಜಿನ್ ಪಾಠ ಹೇಳಿದವರು. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಬಳಿ ಟರ್ಬೊ ಕಾರಿತ್ತು. ಅವನ ಭಾವನ ಬಳಿಯೂ ಅಂಥದೇ ಇತ್ತು. ಭಾವನ ಕಾರಿಗೆ ಇನ್ನೂರ ನಲವತ್ತೇಳು ಕುದುರೆಗಳ ಶಕ್ತಿ ಇದೆಯೆಂದು ಒಂದು ಹಾಳೆಯಲ್ಲಿ ಅಚ್ಚಾಗಿತ್ತು. ಆ ಹಾಳೆಯನ್ನು ಭಾವ ಮದುವೆ ಮನೆಗಳಲ್ಲೂ ಜೇಬಿನಿಂದ ತೆಗೆಯುತ್ತಿದ್ದ. ವ್ಯಾಪಾರಿಗೆ ಇನ್ನೂರ ಐವತ್ತು ಬೇಕಾಯಿತು. ಎಲ್ಲಿಗೆ ಹೋಗಲು ಎಂದು ಕೇಳಬೇಡ. ಅವನ ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್, ನಡುವೆ ಐದು ಸಿಗ್ನಲ್.

ಅವನು ಒಬ್ಬ ಗ್ಯಾರೇಜಿನವನ ಬಳಿ ಹೋದ. ಅಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಮೆಕ್ಯಾನಿಕ್ ಎಂಜಿನ್ನನ್ನು ಪೂರ್ತಿ ಬಿಚ್ಚಿದ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊವನ್ನು ಇನ್ನೂ ದೊಡ್ಡದು ಕೂರಿಸಿದ, ಮೂರು ತಿಂಗಳಲ್ಲಿ ಎಲ್ಲವನ್ನೂ ತನ್ನ ಕೈಯಾರೆ ಜೋಡಿಸಿದ. ಅಷ್ಟು ಚೆನ್ನಾದ ಎಂಜಿನ್ನನ್ನು ಅವನು ಹಿಂದೆ ಜೋಡಿಸಿರಲಿಲ್ಲ. ಅದು ಹತ್ತು ವರ್ಷ ಓಡಬೇಕೆಂಬುದು ಅವನ ಆಸೆ.

ಕಾರನ್ನು ಡೈನೊ ಎಂಬ ಶಕ್ತಿ ಅಳೆಯುವ ಯಂತ್ರದ ಮೇಲೆ ನಿಲ್ಲಿಸಿ ಪಟ್ಟಿಗಳಿಂದ ಬಿಗಿದರು. ಕಾರಿನ ಚಕ್ರಗಳು ಡೈನೊದ ಉರುಳೆಗಳನ್ನು ತಿರುಗಿಸುತ್ತವೆ. ಯಂತ್ರ ಅದರಿಂದ ಶಕ್ತಿಯ ಲೆಕ್ಕ ಹಾಕುತ್ತದೆ. ಆದರೆ ಬಿಸಿ ಗಾಳಿ ತೆಳು, ಅದರಲ್ಲಿ ಎಂಜಿನ್ನಿನ ಶಕ್ತಿ ಕಡಿಮೆಯಾಗುತ್ತದೆ. ಆದ್ದರಿಂದ ಯಂತ್ರಕ್ಕೆ ಒಂದು ತಂತಿಯಿದೆ. ತಂತಿಯ ತುದಿ ಗಾಳಿಯ ಬಿಸಿಯನ್ನು ಅಳೆಯುತ್ತದೆ. ಗಾಳಿ ಬಿಸಿಯಿದ್ದರೆ, ತಣ್ಣನೆಯ ಗಾಳಿಯಲ್ಲಿ ಈ ಕಾರು ಇನ್ನೂ ಇಷ್ಟು ಕೊಡುತ್ತಿತ್ತು ಎಂದು ಯಂತ್ರ ತಾನೇ ಒಂದಿಷ್ಟು ಸೇರಿಸುತ್ತದೆ. ಇದು ನ್ಯಾಯವಾದ ಏರ್ಪಾಡು. ತಂತಿ ಎಂಜಿನ್ ಸೇದುವ ಗಾಳಿಯಲ್ಲಿ ಇರಬೇಕು, ಅಷ್ಟೇ.

ಗ್ಯಾರೇಜಿನವನು ಅದನ್ನು ಬಾನೆಟ್ಟಿನೊಳಗೆ, ಟರ್ಬೊ ಪಕ್ಕದಲ್ಲಿ ಕಟ್ಟಿದ್ದ. ಥರ್ಮಾಮೀಟರನ್ನು ಕಾಫಿ ಲೋಟದಲ್ಲಿ ಅದ್ದಿ ಶಾಲೆಗೆ ಚಕ್ಕರ್ ಹಾಕುವ ಹುಡುಗರಿದ್ದಾರಲ್ಲ, ಅದೇ ವಿದ್ಯೆ. ಹುಡುಗರಿಗೆ ಕನಿಷ್ಠ ತಮಗೆ ಜ್ವರವಿಲ್ಲವೆಂದು ಗೊತ್ತಿರುತ್ತದೆ.

ಮೊದಲ ಓಟದಲ್ಲಿ ಇನ್ನೂರ ಮೂವತ್ತೊಂದು ಬಂತು. ಎಂಜಿನ್ ಆರಲು ಬಿಡದೆ ಎರಡನೆಯ ಓಟ ಓಡಿಸಿದರು. ಇನ್ನೂರ ಮೂವತ್ತೆಂಟು. ಮೂರನೆಯದರಲ್ಲಿ ಇನ್ನೂರ ನಲವತ್ನಾಲ್ಕು. ಟರ್ಬೊ ಕಾದಷ್ಟೂ ತಂತಿ ಕಾಯಿತು, ತಂತಿ ಕಾದಷ್ಟೂ ಯಂತ್ರ ಉದಾರಿಯಾಯಿತು. ಎಂಜಿನ್ ನಿಜವಾಗಿ ಕೊಡುತ್ತಿದ್ದ ಶಕ್ತಿ ಒಂದೊಂದು ಓಟಕ್ಕೂ ಇಳಿಯುತ್ತಿತ್ತು. ಪರದೆಯ ಮೇಲೆ ಏರುತ್ತಿತ್ತು. ವ್ಯಾಪಾರಿ ಮಿಠಾಯಿ ತರಿಸಿದ.

ಮೆಕ್ಯಾನಿಕ್ ಮಿಠಾಯಿ ತಿನ್ನಲಿಲ್ಲ. ಮೂರನೆಯ ಓಟದ ಕೊನೆಗೆ ಎಂಜಿನ್ನಿನೊಳಗೆ ಡಬ್ಬಿಯಲ್ಲಿ ಕಲ್ಲು ಅಲುಗಿಸಿದಂಥ ಸದ್ದು ಅವನಿಗೆ ಕೇಳಿಸಿತ್ತು. ಅವನು ತಂತಿಯನ್ನು ಬಿಚ್ಚಿ, ಗಾಳಿ ಒಳಗೆ ಹೋಗುವ ಕೊಳವೆಯ ಬಾಯಿಗೆ ಕಟ್ಟಿ, ಒಮ್ಮೆ ಹೀಗೂ ನೋಡೋಣ ಎಂದ. ನಾಲ್ಕನೆಯ ಓಟದಲ್ಲಿ ಇನ್ನೂರ ಇಪ್ಪತ್ತು ಬಂತು.

ತನ್ನ ಎದುರಿಗೇ ಯಾರೋ ಕಾರನ್ನು ಗೀಚಿದಂತೆ ವ್ಯಾಪಾರಿಯ ಮುಖ ಕೆಂಪಾಯಿತು. ಇಷ್ಟು ಹೊತ್ತು ಇದ್ದ ಶಕ್ತಿಯನ್ನು ಈ ಮನುಷ್ಯ ಎಲ್ಲಿಗೆ ಕಳಿಸಿದ ಎಂದು ಗ್ಯಾರೇಜಿನವನನ್ನು ಕೇಳಿದ.

ಮೆಕ್ಯಾನಿಕ್ ಹೇಳಿದ: "ಅಣ್ಣಾ, ಏರಿದ್ದು ಶಕ್ತಿಯಲ್ಲ, ಬಿಸಿ. ಎಂಜಿನ್ ಒಳಗೆ ಹೊಡೆದುಕೊಳ್ಳುತ್ತಿದೆ. ಇನ್ನೊಂದು ಸಲ ಓಡಿಸಿದರೆ ಪಿಸ್ಟನ್ ಉಳಿಯುವುದಿಲ್ಲ."

ಗ್ಯಾರೇಜಿನವನು ನಕ್ಕ. "ಯಂತ್ರ ಜರ್ಮನಿಯದು ಕಣಪ್ಪ. ನೀನು ಎಲ್ಲಿಯವನು?"

ವ್ಯಾಪಾರಿಯೂ ನಕ್ಕ. ಮೆಕ್ಯಾನಿಕ್‌ಗೆ ನಾಚಿಕೆಯಾಯಿತು. ಅವನು ಮತ್ತೆ ಮಾತಾಡಲಿಲ್ಲ. ಗ್ಯಾರೇಜಿನವನು ತಂತಿಯನ್ನು ಮೊದಲಿದ್ದ ಜಾಗಕ್ಕೆ ತಾನೇ ಕಟ್ಟಿದ, ಟರ್ಬೊದ ಒತ್ತಡವನ್ನು ಇನ್ನಷ್ಟು ಏರಿಸಿದ, ಕಂಪ್ಯೂಟರಿನ ಮುಂದೆ ಕುಳಿತ. ವ್ಯಾಪಾರಿ ವಿಡಿಯೊ ತೆಗೆಯಲು ಮೊಬೈಲ್ ಹಿಡಿದು ಪಕ್ಕದಲ್ಲಿ ನಿಂತ. ಐದನೆಯ ಓಟ ಶುರುವಾಯಿತು.

ಕಲ್ಲಿನ ಸದ್ದು ಈ ಸಲ ಎಲ್ಲರಿಗೂ ಕೇಳಿಸಿತು. ಆಮೇಲೆ ಒಂದೇ ಒಂದು ದೊಡ್ಡ ಸದ್ದು. ನೀಲಿ ಹೊಗೆ ಷೆಡ್ ತುಂಬಿತು. ಪಿಸ್ಟನ್ ಕರಗಿ ತೂತಾಗಿತ್ತು. ಪರದೆಯ ಮೇಲೆ ಇನ್ನೂರ ಐವತ್ತೊಂದು ಎಂದಿತ್ತು. ಸಾಯುವಾಗ ಎಂಜಿನ್ನಿಗೆ ತನ್ನ ಆಯುಸ್ಸಿನಲ್ಲೇ ಅತಿ ಹೆಚ್ಚು ಶಕ್ತಿ ಬಂದಿತ್ತು ಎಂಬುದು ಯಂತ್ರದ ಅಭಿಪ್ರಾಯ.

ಗ್ಯಾರೇಜಿನವನು ಮೊದಲು ಹಾಳೆಯನ್ನು ಅಚ್ಚು ಹಾಕಿದ, ಆಮೇಲೆ ಬಾನೆಟ್ ಎತ್ತಿದ. ಪಟ್ಟಿ ಬಿಚ್ಚುವ ಮೊದಲೇ ಆ ಹಾಳೆಯ ಫೋಟೊ ಭಾವನಿಗೆ ತಲುಪಿತ್ತು. ಕಾರನ್ನು ಲಾರಿಗೆ ಏರಿಸುವಾಗ ವ್ಯಾಪಾರಿ ಹಾಳೆ ಮುದುಡದಂತೆ ಎದೆಗೆ ಒತ್ತಿ ಹಿಡಿದಿದ್ದ. ತನಗೆ ಯಾರೂ ಮೋಸ ಮಾಡಲಿಲ್ಲ ಎಂದು ಅವನು ಇಂದಿಗೂ ಹೇಳುತ್ತಾನೆ. ಹೇಳಲಿ. ಅವನು ಕೇಳಿದ ವಸ್ತು ಅವನಿಗೆ ಸಿಕ್ಕಿದೆ.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು.

ದಯಾಕರನಿಗೆ ಸಿಟ್ಟು ಬಂದಿತ್ತು. ಒಬ್ಬ ಕಳ್ಳ, ಒಬ್ಬ ಮೂರ್ಖ, ಇಬ್ಬರೂ ಸೇರಿ ಒಬ್ಬ ಕೆಲಸಗಾರನ ಮೂರು ತಿಂಗಳ ದುಡಿಮೆಯನ್ನು ಸುಟ್ಟುಹಾಕಿದರು ಎಂದ. ಇಂಥವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದ. ಆಮೇಲೆ ಸ್ವಲ್ಪ ತಣ್ಣಗಾಗಿ ಹೇಳಿದ:

"ಪಾಪ, ಆ ಮೆಕ್ಯಾನಿಕ್ ಹೇಳಬೇಕಾದ್ದನ್ನು ಹೇಳಿದ್ದ. ಅವನ ತಪ್ಪೇನೂ ಇಲ್ಲ."

ಮೇಷ್ಟ್ರು ಹೇಳಿದರು: "ಐದನೆಯ ಓಟದಲ್ಲಿ ಕಾರಿನೊಳಗೆ ಕುಳಿತು ಆಕ್ಸಿಲರೇಟರ್ ತುಳಿದವನು ಅವನೇ."