ಡೆಗು ಮಣ್ಣಿನಲ್ಲಿ ಮೀಯುವುದೇಕೆ

ಭೂಮಿ ಆಗಿನ್ನೂ ಹೊಸದು. ಬೆಟ್ಟಗಳ ಮೈಬಿಸಿ ಆರಿರಲಿಲ್ಲ, ನದಿಗಳಿಗೆ ತಮ್ಮ ದಾರಿ ರೂಢಿಯಾಗಿರಲಿಲ್ಲ. ಗಾಳಿಯಂತೂ ಯಾರ ಮನೆಗೆ ಬೇಕಾದರೂ ಹೇಳದೆ ಕೇಳದೆ ನುಗ್ಗಿ, ಒಂದಷ್ಟು ಹರಟೆ ಹೊಡೆದು ಎದ್ದು ಹೋಗುತ್ತಿತ್ತು.

ಆ ಕಾಲದಲ್ಲಿ, ಕಡಲಿನಾಚೆ, ಬೆಂಕಿ ಉಗುಳುವ ಒಂದು ಬೆಟ್ಟದ ಬುಡದಲ್ಲಿ, ಕೂಸುಗಳಿಗೆ ಎರೆಯುವ ಅಜ್ಜಿಯೊಬ್ಬಳಿದ್ದಳು. ಅವಳ ಹೆಸರು ಅಲ್ಲಿಯ ಭಾಷೆಯಲ್ಲಿ ಏನಿತ್ತೋ, ನಮ್ಮ ಬಾಯಿಗೆ ಹೊರಳುವುದಿಲ್ಲ. ನಾವು ಹೊಂಬಾಳಮ್ಮ ಅನ್ನೋಣ, ಅವಳೇನೂ ಬೇಜಾರು ಮಾಡಿಕೊಳ್ಳುವವಳಲ್ಲ.

ನರಿ ಹೆತ್ತರೆ ಹೊಂಬಾಳಮ್ಮನೇ ಬರಬೇಕು. ಕುರಿ ಹೆತ್ತರೂ ಹೊಂಬಾಳಮ್ಮನೇ ಬರಬೇಕು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಆಯಿತು, ಕೂಸು ಗಡದ್ದಾಗಿ ನಿದ್ದೆ ಹೋಗುತ್ತಿತ್ತು. ಊರಿನ ಕೂಸುಗಳಿಗೆಲ್ಲ ಎರೆದವಳ ಸ್ವಂತ ಮನೆಯಲ್ಲಿ ಮಾತ್ರ ಒಂದೂ ಕೂಸಿರಲಿಲ್ಲ. ಸಂಜೆಯಾದರೆ ಮನೆ ಬಿಕೋ ಅನ್ನುತ್ತಿತ್ತು.

ಒಂದು ಚಳಿಗಾಲ, ಬೆಟ್ಟದ ಮೇಲಿಂದ ಡೆಗುಗಳ ಒಂದು ಸಂಸಾರ ಇಳಿದು ಬಂತು. ಡೆಗು ಗೊತ್ತಲ್ಲ? ಇಲಿಗಿಂತ ದೊಡ್ಡದು, ಅಳಿಲಿಗೆ ದಾಯಾದಿ ಅನ್ನಬೇಕು ಹಾಗಿರುತ್ತದೆ. ಕಂದು ಮೈ, ಅಗಲ ಕಿವಿ, ಬಾಲದ ತುದಿಯಲ್ಲಿ ಕಪ್ಪು ಕುಚ್ಚು. ಬಾಯಂತೂ ಸುಮ್ಮನಿರುವುದೇ ಇಲ್ಲ, ದಿನವಿಡೀ ಚಿಲಿಪಿಲಿ ವಟವಟ.

"ಅವ್ವಾ, ಮೇಲೆ ಹಿಮ ಬಿದ್ದಿದೆ. ನಿನ್ನ ಮನೆಯ ಒಂದು ಮೂಲೆ ಕೊಡ್ತೀಯಾ? ನಾನು ಬಸುರಿ," ಎಂದಿತು ತಾಯಿ ಡೆಗು.

"ಅಯ್ಯೋ, ಮೂಲೆ ಯಾಕೆ? ಮನೇನೇ ನಿಮ್ದು, ಬನ್ನಿ ಬನ್ನಿ," ಎಂದು ಹೊಂಬಾಳಮ್ಮ ಸಂಭ್ರಮದಿಂದ ಒಳಗೆ ಕರೆದಳು. ಒಲೆಯ ಪಕ್ಕ ಒಣಹುಲ್ಲು ಹಾಸಿದಳು. ಬಿಕೋ ಅನ್ನುತ್ತಿದ್ದ ಮನೆ ಅಂದಿನಿಂದ ಸಂತೆಯಾಯಿತು.

ಕೆಲವು ದಿನಕ್ಕೆ ತಾಯಿ ಡೆಗು ಹೆತ್ತಿತು. ಎಂಥ ಕೂಸು ಅಂತೀರಿ! ಹುಟ್ಟುತ್ತಲೇ ಕಣ್ಣು ಬಿಟ್ಟಿತ್ತು, ಮೈತುಂಬ ದಟ್ಟ ಕೂದಲಿತ್ತು, ಬಂದ ಗಳಿಗೆಯಿಂದಲೇ ಹಾಡು ಶುರು. ಹೊಂಬಾಳಮ್ಮನ ಕೈ ಸುಮ್ಮನಿರುತ್ತದೆಯೇ? ಹಂಡೆಗೆ ಉರಿ ಹಾಕಿಯೇಬಿಟ್ಟಳು.

ಕಾಲು ನೀಡಿ ಕೂತಳು. ಕೂಸನ್ನು ಕಾಲ ಮೇಲೆ ಮಲಗಿಸಿದಳು. ಎಣ್ಣೆ ತಿಕ್ಕಿದಳು, ಬಿಸಿನೀರು ಎರೆದಳು, ಹೊಗೆ ಹಾಕಿದಳು, ಬಟ್ಟೆಯಲ್ಲಿ ಸುತ್ತಿದಳು.

ಕೂಸು ನಿದ್ದೆ ಹೋಗಲಿಲ್ಲ. ಗಡಗಡ ನಡುಗತೊಡಗಿತು. ದಟ್ಟ ಕೂದಲು ನೀರು ಕುಡಿದು ಮೈಗೆ ಮೆತ್ತಿಕೊಂಡಿತ್ತು. ಎಷ್ಟು ಒರೆಸಿದರೂ ಬುಡ ಒದ್ದೆಯೇ. ಹಾಡು ನಿಂತಿತ್ತು.

"ಚಳಿ ಹಿಡಿದಿದೆ, ಇನ್ನೊಂದು ಚೊಂಬು ಬಿಸಿನೀರು ಬಿದ್ದರೆ ಸರಿಹೋಗತ್ತೆ," ಎಂದಳು ಹೊಂಬಾಳಮ್ಮ.

"ಬೇಡ ಅವ್ವಾ, ಸಾಕು..." ಎಂದಿತು ತಾಯಿ ಡೆಗು.

"ನೀನು ಸುಮ್ನಿರು ತಾಯಿ. ನಾನು ಎಷ್ಟು ಕೂಸಿಗೆ ಎರೆದಿಲ್ಲ!" ಎಂದು ಇನ್ನೊಂದು ಸಲ ಎರೆದಳು. ನೋಡಿ, ಇಲ್ಲೇ ಅವಳು ಎಡವಿದ್ದು. ಪ್ರೀತಿ ಬೇಕಾದಷ್ಟಿತ್ತು, ಕೇಳಿಸಿಕೊಳ್ಳುವ ಕಿವಿ ಮಾತ್ರ ಆ ಹೊತ್ತಿಗೆ ಇರಲಿಲ್ಲ.

ಕೂಸಿನ ಮೈ ಇನ್ನೂ ತಣ್ಣಗಾಯಿತು. ಹೊಂಬಾಳಮ್ಮನ ಎದೆ ಧಸಕ್ಕೆಂದಿತು. ಕೂಸನ್ನು ಸೆರಗಿನಲ್ಲಿ ಅವುಚಿಕೊಂಡು ಹೊಳೆಯ ಹತ್ತಿರ ಓಡಿದಳು.

"ಹೊಳೆಯಮ್ಮಾ, ಏನಾದರೂ ಮಾಡೇ!"

"ನಾನು ಒದ್ದೆ ಮಾಡಬಲ್ಲೆ, ಒಣಗಿಸೋದು ನನಗೆಲ್ಲಿ ಬರತ್ತೆ? ಗಾಳಿಯನ್ನ ಕೇಳು," ಎಂದಿತು ಹೊಳೆ.

ಗಾಳಿ ಕರೆಯುವ ಮೊದಲೇ ಬಂದಿತ್ತು. ಮೆಲ್ಲಗೆ ಊದಿತು, ಜೋರಾಗಿ ಊದಿತು. ಕೂಸಿನ ನಡುಕ ಹೆಚ್ಚಾಯಿತೇ ಹೊರತು ಕೂದಲು ಬಿಡಿಸಿಕೊಳ್ಳಲಿಲ್ಲ. "ಎಣ್ಣೆ ಬೇರೆ ತಿಕ್ಕಿದ್ದೀಯಲ್ಲೇ ಮಾರಾಯ್ತಿ! ನನ್ನ ಕೈಲಾಗಲ್ಲ."

"ಬೆಲ್ಲ ನೆಕ್ಕಿಸಿದರೆ ಚೇತರಿಸಿಕೊಂಡೀತಾ?"

"ಬೆಲ್ಲಗಿಲ್ಲ ಅಂದೀಯ ಜೋಕೆ! ಸಿಹಿ ಇವುಗಳ ಮೈಗೆ ಆಗೋದೇ ಇಲ್ಲ. ಒಣಹುಲ್ಲು ತಿಂದು ಬೆಳೆಯೋ ಜೀವ ಇದು. ಹೋಗು, ಇವುಗಳನ್ನ ಸಾಕಿದ ಬೆಟ್ಟಣ್ಣನನ್ನ ಕೇಳು," ಎಂದು ಗಾಳಿ ಗದರಿತು.

ಹೊಂಬಾಳಮ್ಮ ಏದುಸಿರು ಬಿಡುತ್ತ ಬೆಟ್ಟದ ಬುಡಕ್ಕೆ ಬಂದಳು. ತಾಯಿ ಡೆಗುವೂ ಹಿಂದೆಯೇ ಓಡಿ ಬಂತು. ಬೆಟ್ಟ ನಿಧಾನವಾಗಿ ಕಣ್ಣು ತೆರೆಯಿತು. ಬೆಟ್ಟಗಳಿಗೆ ಯಾವುದಕ್ಕೂ ಅವಸರವಿಲ್ಲ, ಅದೇ ಅವುಗಳ ದೊಡ್ಡ ಕೆಟ್ಟ ಚಾಳಿ.

"ನಾನು ಉಗುಳಿದ ಬೂದಿಮಣ್ಣು ಅಲ್ಲಿ ಬಿದ್ದಿದೆ. ಅದರಲ್ಲಿ ಹೊರಳಿಸು," ಎಂದಿತು ಬೆಟ್ಟ.

"ಏನಂದೆ? ಎರೆದ ಕೂಸನ್ನ ಮಣ್ಣಿಗೆ ಹಾಕೋದಾ? ಥೂ! ಮಣ್ಣಾದ ಕೂಸನ್ನ ತೊಳೆಯೋದು ನನ್ನ ಕೆಲಸ. ತೊಳೆದ ಕೂಸನ್ನ ಮಣ್ಣು ಮಾಡು ಅಂತೀಯಲ್ಲ, ನಿನಗೆ ಬುದ್ಧಿ ನೆಟ್ಟಗಿದೆಯಾ ಬೆಟ್ಟಣ್ಣ?"

ತಾಯಿ ಡೆಗು ಅವಳ ಸೀರೆಯ ಅಂಚು ಹಿಡಿದು ಜಗ್ಗಿತು.

"ಅವ್ವಾ, ನನ್ನ ಕೂಸು ಸಾಯ್ತಿದೆ. ನನ್ನ ಮಾತನ್ನ ಒಂದೇ ಒಂದು ಸಲ ಕೇಳು, ಮಣ್ಣಲ್ಲಿ ಹೊರಳಿಸು."

ಹೊಂಬಾಳಮ್ಮ ಸೆರಗು ಬಿಡಿಸಿ ನೋಡಿದಳು. ಕೂಸಿನ ನಡುಕವೂ ನಿಂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಅವಳಿಗೆ ಅಳು ಒತ್ತರಿಸಿ ಬಂತು. ತನ್ನ ಕೈಯಿಂದಲೇ ಹೀಗಾಯಿತಲ್ಲ ಎಂದುಕೊಂಡಳು.

"ಆಗಲಿ ಕಣೆ ತಾಯಿ, ನೀನು ಹೇಳಿದ ಹಾಗೇ ಆಗಲಿ," ಎಂದಳು.

ಬೂದಿಮಣ್ಣನ್ನು ಸೆರಗಿನಲ್ಲೇ ಜರಡಿ ಹಿಡಿದಳು. ಹಿಟ್ಟಿನಂಥ ನುಣುಪು, ಬೆಟ್ಟದ ಬಿಸಿಯಿಂದ ಇನ್ನೂ ಬೆಚ್ಚಗಿತ್ತು. ಕಾಲು ನೀಡಿ ಕೂತಳು. ಕೂಸನ್ನು ಕಾಲ ಮೇಲೆ ಮಲಗಿಸಿದಳು. ನೀರು ಎರೆಯುವ ಹಾಗೆಯೇ ಬೊಗಸೆ ಬೊಗಸೆಯಾಗಿ ಮಣ್ಣು ಎರೆದಳು. ಬೆನ್ನಿಗೆ ಎರೆದಳು, ಹೊಟ್ಟೆಗೆ ಎರೆದಳು, ಬೆರಳಲ್ಲಿ ಮೆಲ್ಲಗೆ ನೇವರಿಸಿದಳು. ಮಣ್ಣು ಎಣ್ಣೆಯನ್ನು ಹೀರಿತು, ನೀರನ್ನು ಹೀರಿತು, ಉಂಡೆಉಂಡೆಯಾಗಿ ಉದುರಿತು. ಗಾಳಿ ಉಸಿರು ಬಿಗಿಹಿಡಿದು ನಿಂತಿತ್ತು.

"ಈಕ್ಷಿ!"

ಕೂಸು ಸೀನಿತು!

"ನೂರ್ಕಾಲ ಬಾಳು ನನ್ನಪ್ಪಾ!" ಎಂದು ಹೊಂಬಾಳಮ್ಮ ಕೂಗಿಕೊಂಡಳು.

ಕೂಸು ಕಾಲ ಮೇಲಿಂದ ಪುಟಕ್ಕನೆ ಜಾರಿ ಮಣ್ಣಿಗೆ ಬಿತ್ತು. ಒಂದು ಪಲ್ಟಿ ಹೊಡೆಯಿತು. ಇನ್ನೊಂದು ಪಲ್ಟಿ. ಮೈ ಕೊಡವಿದರೆ ಕೂದಲೆಲ್ಲ ಬಿಡಿಬಿಡಿಯಾಗಿ, ಹೊಳಪಾಗಿ ಎದ್ದು ನಿಂತಿತು. ಆಮೇಲೆ ಶುರುವಾಯಿತು ನೋಡಿ, ಚಿಲಿಪಿಲಿ ವಟವಟ, ಕಿವಿ ತೂತಾಗುವಷ್ಟು.

"ಅಬ್ಬಬ್ಬಾ, ಬದುಕಿತು!" ಹೊಂಬಾಳಮ್ಮ ನಗುತ್ತಲೇ ಅತ್ತಳು. ತಾಯಿ ಡೆಗು ಮಣ್ಣಿಗೆ ಹಾರಿ ಕೂಸಿನ ಜೊತೆ ಹೊರಳಿತು. ಗಾಳಿ ಇಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟಿತು, ಮಣ್ಣೆಲ್ಲ ಎದ್ದು ಹೊಂಬಾಳಮ್ಮನ ತಲೆಯ ಮೇಲೆ ಬಿತ್ತು. ಬೈಯಲು ಅವಳಿಗೆ ಮನಸ್ಸೇ ಬರಲಿಲ್ಲ. ಎದೆ ಅಷ್ಟು ಹಗುರವಾಗಿತ್ತು.

"ಇನ್ನು ಮೇಲೆ ನಿಮಗೆ ಹೇಗೆ ಬೇಕೋ ಹಾಗೆ ನೋಡ್ಕೋತೀನಿ. ಕೇಳಿಯೇ ಮಾಡ್ತೀನಿ," ಎಂದು ಅವಳು ತಾಯಿ ಡೆಗುವಿನ ತಲೆ ಸವರಿದಳು.

"ಹಾಗಾದರೆ ನಾವೆಲ್ಲ ಒಟ್ಟಿಗೇ ಇರ್ತೀವಿ ಅವ್ವಾ. ಒಬ್ಬೊಬ್ಬರನ್ನೇ ಬೇರೆ ಇಡಬೇಡ, ಕೊರಗಿಹೋಗ್ತೀವಿ," ಎಂದಿತು ಅದು.

"ನನಗೂ ಒಬ್ಬಳೇ ಇದ್ದು ಸಾಕಾಗಿದೆ ಕಣೆ," ಎಂದಳು ಹೊಂಬಾಳಮ್ಮ.

ಅವತ್ತು ಆ ಕೂಸು ಬೆಟ್ಟದ ಬುಡದಲ್ಲಿ ಬದುಕಿ ಹೊರಳಿತಲ್ಲ, ಅದಕ್ಕೇ ಇವತ್ತಿಗೂ ನೀವು ಸಾಕಿದ ಡೆಗುವಿನ ಗೂಡಿನಲ್ಲಿ ನುಣ್ಣನೆ ಮಣ್ಣು ತುಂಬಿದ ಬೋಗುಣಿ ಇಟ್ಟರೆ, ಅದು ಒಳಗೆ ಹಾರಿ, ಪಲ್ಟಿ ಹೊಡೆದು, ಒಂದು ಸಲ ಸೀನಿ, ಮೈ ಕೊಡವಿಕೊಂಡು ಹೊಳೆಯುತ್ತ ಎದ್ದು ಬರುತ್ತದೆ.