ಹಣೆಯ ಮೇಲೆ ಮೂರು ಬೆರಳು

ಒಂದೂರಿನಲ್ಲಿ ಮಹಾದೇವಿ ಎಂಬ ತಾಯಿಗೆ ನಾಲ್ಕು ವರ್ಷದ ಮಗಳಿದ್ದಳು. ಹೆಸರು ಚಿನ್ನವ್ವ. ಕಿವಿ ಚುರುಕು, ಬುದ್ಧಿ ಚುರುಕು. ಮಾತು ಮಾತ್ರ ಹೊರಡುತ್ತಿರಲಿಲ್ಲ. ಹೇಳಬೇಕಾದ್ದು ಗಂಟಲಲ್ಲೇ ಸಿಕ್ಕಿಕೊಂಡು ಕೂಸು ನೆಲಕ್ಕೆ ಬಿದ್ದು ಹೊರಳಾಡಿ ಅಳುತ್ತಿತ್ತು.

ಅಂಗನವಾಡಿ ಟೀಚರ್ ಮಹಾದೇವಿಗೂ ಅವಳ ಅತ್ತೆ ಗುರವ್ವನಿಗೂ ಕೈಸನ್ನೆ ಕಲಿಸಿದರು. "ಬಾಯಲ್ಲಿ ಹೇಳ್ತಾನೇ ಕೈಯಲ್ಲೂ ತೋರಿಸ್ರಿ. ಮಾತು ಬರೋ ತನಕ ಕೂಸಿಗೆ ಒಂದು ದಾರಿ ಬೇಕಲ್ಲ" ಎಂದರು. ಅಂಗೈ ಮೇಲೆ ಮುಷ್ಟಿ ಇಟ್ಟು ಮೇಲೆತ್ತಿದರೆ 'ಸಹಾಯ ಮಾಡು'. ಹಣೆಗೆ ಮೂರು ಬೆರಳು ಎಳೆದರೆ 'ಅಜ್ಜಿ'. ಗುರವ್ವ ದಿನಾ ವಿಭೂತಿ ಹಚ್ಚುತ್ತಿದ್ದಳಲ್ಲ, ಅದಕ್ಕೆ.

ಅಜ್ಜಿ ಮೊಮ್ಮಗಳು ದಿನವಿಡೀ ಕೈಯಲ್ಲೇ ಹರಟುತ್ತಿದ್ದರು. ಮಹಾದೇವಿಗೆ ಮಾತ್ರ ನಾಲ್ಕು ಜನರೆದುರು ನಾಚಿಕೆ. "ಕೈ ಆಡಿಸಾಕ ಬಿಟ್ರ ನಾಲಿಗಿ ಸೋಮಾರಿ ಆಗ್ತದ" ಎಂದು ನೆರೆಮನೆಯ ಕಾಶವ್ವ ಹೇಳಿದ ಮೇಲಂತೂ, ಹೊರಗೆ ಹೋದಾಗ ಕೂಸಿನ ಕೈಗಳನ್ನು ಗಟ್ಟಿಯಾಗಿ ಹಿಡಿದುಬಿಡುತ್ತಿದ್ದಳು.

ಅವರ ಮನೆಯ ಹಿಂದೆ ಒಂದು ಹಾಳು ವಾಡೆ, ಹಳೆಯ ಕಾಲದ ದೊಡ್ಡ ಮನೆ. ಅಲ್ಲಿದ್ದವರೆಲ್ಲ ಹಿಂದೆ ಒಂದೇ ಬೇನೆಯಲ್ಲಿ ಹೋದರಂತೆ. ಮಟಮಟ ಮಧ್ಯಾಹ್ನ ಅಲ್ಲಿಂದ ಯಾರೋ ಕರೆಯುತ್ತಾರೆ, ಓಗೊಟ್ಟವರು ಉಳಿಯುವುದಿಲ್ಲ ಎಂದು ಊರು ನಂಬಿತ್ತು.

ಒಂದು ದಿನ ಗುರವ್ವ ಮೊಮ್ಮಗಳನ್ನು ಕರೆದುಕೊಂಡು ತಪ್ಪಿಸಿಕೊಂಡ ಕರುವನ್ನು ಹುಡುಕಲು ಹೋದಳು. ಹೊಲದ ಕಡೆ ಹೋಗಿರಬೇಕೆಂದು ಮಹಾದೇವಿ ಸುಮ್ಮನಿದ್ದಳು. ಬಿಸಿಲೇರಿತು. ಎಲೆ ಅಲುಗಲಿಲ್ಲ, ಕಾಗೆಯೂ ಕೂಗಲಿಲ್ಲ. ಆಗ ವಾಡೆಯೊಳಗಿಂದ ಒಂದು ದನಿ ಬಂತು. ನೆಲವೇ ನರಳಿದ ಹಾಗೆ, ಉದ್ದಕ್ಕೆ, "ಊಂ..."

ಓಣಿಯ ಜನ ಹೊರಗೆ ಬಂದು ನಿಂತರು. ಒಬ್ಬರೂ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ವಾಡೆಯ ಗೋಡೆಯ ಬಿರುಕಿನಿಂದ ಚಿನ್ನವ್ವ ಹೊರಬಂದಳು. ಕೂದಲು, ರೆಪ್ಪೆ ಎಲ್ಲ ಧೂಳು ಮೆತ್ತಿ ಬೆಳ್ಳಗಾಗಿತ್ತು. ಅಳುತ್ತಿರಲಿಲ್ಲ. ಹಣೆಯ ಮೇಲೆ ಮೂರು ಬೆರಳು ಎಳೆದಳು. ನೆಲ ತೋರಿಸಿದಳು. ಮತ್ತೆ ಹಣೆ. ಮತ್ತೆ ನೆಲ.

ಕಾಶವ್ವ ಕಿರುಚಿದಳು. "ವಿಭೂತಿ ಹಚ್ಚಿ ಮಣ್ಣಾಗ ಇಡೋದು ತೋರಸ್ತಾಳ! ಸಾವು ಕರೀತಾಳ! ಕೈ ಹಿಡಿ ಮಾದೇವಿ, ಕೈ ಕಟ್ಟು!"

ಮಹಾದೇವಿ ಓಡಿಹೋಗಿ ಆ ಕೈಗಳನ್ನು ಹಿಡಿದಳು. ಮುಷ್ಟಿಯೊಳಗೂ ಆ ಮೂರು ಬೆರಳು ನಿಲ್ಲಲಿಲ್ಲ. ಅವಳ ಅಂಗೈಯನ್ನು ಕೆರೆಯುತ್ತಲೇ ಇದ್ದವು. ವಾಡೆಯಿಂದ ಮತ್ತೆ ಅದೇ ದನಿ, ಈ ಸಲ ಸಣ್ಣಗೆ. ಮಗಳು ಕೈ ಕಿತ್ತುಕೊಳ್ಳಲಿಲ್ಲ. ತಾಯಿಯ ಮುಖವನ್ನೇ ನೋಡಿದಳು. ಸಿಟ್ಟಿಲ್ಲ, ಹಟವಿಲ್ಲ, ಹೇಳಲು ಬಿಡು ಎಂದು ಕೇಳುವ ನೋಟ.

ಮಹಾದೇವಿ ಕೈ ಬಿಟ್ಟಳು. ಕೂಸು ಅಂಗೈ ಮೇಲೆ ಮುಷ್ಟಿ ಇಟ್ಟು ಮೇಲೆತ್ತಿತು.

ಎಲ್ಲರೆದುರಿಗೇ ಮಹಾದೇವಿ ಬಾಯಲ್ಲೂ ಕೈಯಲ್ಲೂ ಕೇಳಿದಳು: "ಅಜ್ಜಿ? ಕೆಳಗ ಬಿದ್ದಾಳ? ಸಹಾಯ ಬೇಕಾ?"

ಚಿನ್ನವ್ವ ಜೋರಾಗಿ ತಲೆಯಾಡಿಸಿದಳು.

"ಹೋಗಬ್ಯಾಡ, ಓಗೊಡಬ್ಯಾಡ!" ಎಂದು ಹಿಂದಿನಿಂದ ಕೂಗು. ಮಹಾದೇವಿ ನಿಲ್ಲಲಿಲ್ಲ. ವಾಡೆಯ ಅಂಗಳದಲ್ಲಿ ಹಗೇವು ಇತ್ತು, ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಅದರ ಬಾಯಿಗೆ ಮುಚ್ಚಿದ್ದ ಕಲ್ಲು ಮುರಿದು ಒಳಗೆ ಬಿದ್ದಿತ್ತು.

"ಅತ್ತೀ!" ಎಂದು ಕತ್ತಲೊಳಗೆ ಕೂಗಿದಳು. "ಊಂ" ಎಂದಿತು ಕತ್ತಲು.

ಆಮೇಲೆ ಗಂಡಸರು ಹಗ್ಗ ತಂದರು. ಮೊದಲು ಕಂದೀಲು ಇಳಿಬಿಟ್ಟು, ದೀಪ ಆರಲಿಲ್ಲ, ಒಳಗೆ ಉಸಿರಾಡುವ ಗಾಳಿ ಇದೆ ಎಂದು ಖಾತ್ರಿಯಾದ ಮೇಲೆ ಒಬ್ಬ ಇಳಿದ. ಗುರವ್ವನನ್ನು ಮೇಲೆತ್ತಿದಾಗ ಕಾಲು ಮುರಿದಿತ್ತು, ಬಾಯಿ ತುಂಬ ಮಣ್ಣು. ಇನ್ನಷ್ಟು ಹೊತ್ತು ಕಳೆದಿದ್ದರೆ ಜೀವ ಉಳಿಯುತ್ತಿರಲಿಲ್ಲ.

ಅಂದು ಮಹಾದೇವಿ ಮಗಳ ಎರಡೂ ಕೈಗಳನ್ನು ತೊಳೆದು, ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಅವಳಿಗೆ ನಾಚಿಕೆ ಎಂಬುದು ಉಳಿಯಲಿಲ್ಲ. ಸಂತೆಯಲ್ಲಿ, ನಲ್ಲಿಯ ಹತ್ತಿರ, ಎಲ್ಲೆಂದರಲ್ಲಿ ಮಾತಿನ ಜೊತೆಗೆ ಕೈ ಆಡಿಸಿದಳು. ನೋಡಿ ನೋಡಿ ಓಣಿಯ ಮಕ್ಕಳೂ ಕಲಿತರು. ಕಾಶವ್ವನೂ ಮೆಲ್ಲಗೆ ಬಂದು, "ಊಟ ಆಯ್ತೇನು ಅನ್ನಾಕ ಹ್ಯಾಂಗ?" ಎಂದು ಕೇಳಿ ಕಲಿತಳು.

ನಾಲಿಗೆ ಸೋಮಾರಿಯಾಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಚಿನ್ನವ್ವ ಕೈಯಲ್ಲಿ 'ಬಾ' ಎಂದಳು; ಕೈಯ ಹಿಂದೆಯೇ ಬಾಯಿಂದಲೂ "ಬಾ" ಎಂಬ ಮಾತು ಬಂತು.

ನೀತಿ: ಮಗು ಯಾವ ದಾರಿಯಲ್ಲಿ ಹೇಳಬಲ್ಲದೋ ಆ ದಾರಿಯಲ್ಲೇ ಕೇಳಿಸಿಕೊಳ್ಳಿ. ಕೈಸನ್ನೆ ಮಾತನ್ನು ತಡೆಯುವುದಿಲ್ಲ, ಮಾತಿಗೆ ಊರುಗೋಲಾಗುತ್ತದೆ. ನಾಚಿಕೆಗೋ ಭಯಕ್ಕೋ ಆ ಕೈಗಳನ್ನು ಹಿಡಿದರೆ ಮಗುವಿನ ಬಾಯಿ ಮುಚ್ಚಿದಂತೆಯೇ.